ಮಿದುಳಿನಂಥ ಕಂಪ್ಯೂಟರ್‌ಗಾಗಿ ಕೆಲಸ ಬಿಡಬಹುದೇ?

ಪ್ರಶ್ನೆ: ನನಗೆ 46 ವರ್ಷ. ವಾಹನಗಳ ಬ್ರೇಕ್ ನಿಯಂತ್ರಣ ಘಟಕಗಳಿಗೆ ಫರ್ಮ್‌ವೇರ್ ಬರೆಯುವುದು ನನ್ನ ಕೆಲಸ. ಹೈಸ್ಕೂಲಿನ ಪಾಠದಲ್ಲಿ ನರಕೋಶದ ಚಿತ್ರ ನೋಡಿದಾಗಿನಿಂದ ಮಿದುಳಿನ ಹುಚ್ಚು ಹಿಡಿದಿದೆ. ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಈಗ ಎರಡು ವರ್ಷ ಸಂಬಳವಿಲ್ಲದೆ ಸಂಸಾರ ನಡೆಸುವಷ್ಟು ಉಳಿತಾಯವಿದೆ. ಕೆಲಸ ಬಿಟ್ಟು ನ್ಯೂರೋಮಾರ್ಫಿಕ್, ಅಂದರೆ ಮಿದುಳಿನ ಮಾದರಿಯ, ಕಂಪ್ಯೂಟರ್‌ಗಳ ಕಡೆಗೆ ಹೋಗಬೇಕೆಂಬ ಆಸೆ. ಆದರೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಮಿದುಳು ಬರೀ 20 ವ್ಯಾಟ್‌ನಲ್ಲಿ ಕೆಲಸ ಮಾಡುತ್ತದೆ, ಅದರ ಮಾದರಿಯ ಚಿಪ್‌ಗಳು ಕೆಲವೇ ವರ್ಷಗಳಲ್ಲಿ ಇಂದಿನ ಎ.ಐ. ಓಡುವ ಜಿಪಿಯು ಚಿಪ್‌ಗಳನ್ನು ಮೂಲೆಗೆ ತಳ್ಳುತ್ತವೆ ಎಂದು ಕೆಲವರು ಬರೆಯುತ್ತಾರೆ. ಮಿದುಳು ಕಂಪ್ಯೂಟರೇ ಅಲ್ಲ, ಈ ಪ್ರಯತ್ನವೇ ವ್ಯರ್ಥ ಎಂದು ಇನ್ನು ಕೆಲವರು. ಹಣ್ಣಿನ ನೊಣದ ಮಿದುಳಿನ ಪೂರ್ಣ ನಕ್ಷೆ ಸಿಕ್ಕಿದೆಯಂತೆ. ಅದನ್ನು ಚಿಪ್‌ಗೆ ಇಳಿಸಿದರೆ ನೊಣದ ಮಿದುಳೇ ಆಗಬೇಕಲ್ಲವೇ? ಮನೆಯವರು 'ಇದು ಹವ್ಯಾಸವಾಗಿಯೇ ಇರಲಿ' ಎನ್ನುತ್ತಾರೆ. ನನಗೆ ತಡವಾಯಿತೇ? ಗಣಿತ ಎಂಜಿನಿಯರಿಂಗ್ ಪದವಿಯಲ್ಲಿ ಕಲಿತಷ್ಟೇ, ಅದೂ ಅರ್ಧ ಮರೆತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು ಎಂಬುದು ಒಂದು. ಅದರಿಂದ ಪಾಠ ಕಲಿತು ಒಳ್ಳೆಯ ಯಂತ್ರ ಕಟ್ಟಬೇಕು ಎಂಬುದು ಇನ್ನೊಂದು. ದೂರದಿಂದ ಇವೆರಡೂ ಒಂದೇ ಎನಿಸುತ್ತವೆ. ಕೆಲಸಕ್ಕೆ ಇಳಿದವರಿಗೆ ಮಾತ್ರ ಇವು ಬೇರೆ ಬೇರೆ ವೃತ್ತಿಗಳು. ಓದುವ ಪ್ರಬಂಧ, ಸಿಗುವ ಕೆಲಸ, ಗೆಲುವನ್ನು ಅಳೆಯುವ ಅಳತೆಗೋಲು, ಎಲ್ಲವೂ ಬೇರೆ. ನಾನು ಮೊದಲನೆಯದರಲ್ಲಿ ತರಬೇತಿ ಪಡೆದು ಎರಡನೆಯದರಲ್ಲಿ ಅನ್ನ ಸಂಪಾದಿಸುತ್ತಿರುವವನು. ನರಕೋಶಗಳಂತೆ ಮಿಡಿತಗಳಲ್ಲಿ ವ್ಯವಹರಿಸುವ ಸ್ಪೈಕಿಂಗ್ ಚಿಪ್‌ಗಳ ವಿನ್ಯಾಸ ನನ್ನ ದಿನನಿತ್ಯದ ಕೆಲಸ. ನಿಮ್ಮಂಥ ಪತ್ರಗಳು ಆಗಾಗ ಬರುತ್ತವೆ. ಅವುಗಳಲ್ಲಿ ಗೊಂದಲ ಹುಟ್ಟುವುದು ಬಹುಮಟ್ಟಿಗೆ ಈ ಎರಡನ್ನು ಬೇರ್ಪಡಿಸದೆ ಇರುವುದರಿಂದಲೇ. ಆದ್ದರಿಂದ ಕೆಲಸ ಬಿಡುವ ಮಾತನ್ನು ಕೊನೆಗೆ ಇಟ್ಟುಕೊಂಡು, ನೀವು ಕೇಳಿಸಿಕೊಂಡಿರುವ ಮಾತುಗಳಲ್ಲಿ ಜೊಳ್ಳೆಷ್ಟು, ಗಟ್ಟಿಯೆಷ್ಟು ಎಂದು ಮೊದಲು ನೋಡೋಣ.

ಕೆಲವನ್ನು ಬೇಗ ಮುಗಿಸಬಹುದು. ನಾವು ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತೇವೆ ಎಂಬುದು ಶುದ್ಧ ಸುಳ್ಳು. ದೇಹದ ತೂಕದ ಸುಮಾರು ಶೇಕಡಾ 2ರಷ್ಟಿದ್ದು ಶಕ್ತಿಯ ಶೇಕಡಾ 20ರಷ್ಟನ್ನು ತಿನ್ನುವ ಅಂಗದ ಹೆಚ್ಚಿನ ಭಾಗವನ್ನು ಸುಮ್ಮನೆ ಕೂರಿಸಿಡುವ ದುಂದು ವಿಕಾಸಕ್ಕೆ ಕಟ್ಟಿಬರುವುದಿಲ್ಲ. ಮಿದುಳಿನಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆ ಎಂಬುದು ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿದ ದುಂಡಗಿನ ಸಂಖ್ಯೆ. ಸುಜಾನಾ ಹೆರ್ಕುಲಾನೊ ಹೌಜೆಲ್ ಮತ್ತು ಸಂಗಡಿಗರು 2009ರಲ್ಲಿ ಎಣಿಸಿ ಕೊಟ್ಟದ್ದು ಸುಮಾರು 8,600 ಕೋಟಿ. ಅದರಲ್ಲಿ ಸುಮಾರು 6,900 ಕೋಟಿ ಇರುವುದು ಹಿಂಬದಿಯ ಸೆರೆಬೆಲ್ಲಮ್‌ನಲ್ಲಿ. ನಾವು ಬುದ್ಧಿಯ ತವರೆಂದು ಹೊಗಳುವ ಹೊರಪದರ ಕಾರ್ಟೆಕ್ಸ್‌ಗೆ ಸಿಕ್ಕಿರುವುದು 1,600 ಕೋಟಿಯಷ್ಟೇ. ಈ ಲೆಕ್ಕವನ್ನು ಏಕೆ ಹೇಳಿದೆನೆಂದರೆ, ಮುಂದೆ ಚಿಪ್ ಕಂಪನಿಗಳು ನರಕೋಶಗಳ ಸಂಖ್ಯೆ ಹಿಡಿದುಕೊಂಡು ಬಂದಾಗ ನಿಮಗೆ ಉಪಯೋಗವಾಗುತ್ತದೆ. ಸಂಖ್ಯೆಯೊಂದೇ ಬುದ್ಧಿಯನ್ನು ಹೇಳುವುದಾದರೆ ಸೆರೆಬೆಲ್ಲಮ್ಮೇ ನಮ್ಮ ತತ್ತ್ವಜ್ಞಾನಿಯಾಗಬೇಕಿತ್ತು.

ಇನ್ನು ಮಿದುಳು ಕಂಪ್ಯೂಟರೇ, ಅಲ್ಲವೇ ಎಂಬ ಜಗಳ. ಇದರಲ್ಲಿ ಒಂದು ಸ್ವಾರಸ್ಯವಿದೆ. 1943ರಲ್ಲಿ ವಾರೆನ್ ಮೆಕ್ಕಲಕ್ ಮತ್ತು ವಾಲ್ಟರ್ ಪಿಟ್ಸ್ ನರಕೋಶವನ್ನು ಹೌದು, ಇಲ್ಲ ಎಂದು ಉತ್ತರಿಸುವ ತರ್ಕದ ಘಟಕವೆಂದು ಭಾವಿಸಿ ಗಣಿತ ಬರೆದರು. ಎರಡು ವರ್ಷಗಳ ನಂತರ ಜಾನ್ ಫಾನ್ ನಾಯ್ಮನ್ ಎಡ್‌ವ್ಯಾಕ್ ಎಂಬ ಆರಂಭಕಾಲದ ಕಂಪ್ಯೂಟರ್‌ನ ಕರಡು ವರದಿ ಬರೆಯುವಾಗ ತಮ್ಮ ಸರ್ಕ್ಯೂಟ್‌ಗಳನ್ನು ವಿವರಿಸಲು ಆ ನರಕೋಶಗಳ ಸಂಕೇತಗಳನ್ನೇ ಎರವಲು ಪಡೆದರು. ಅಂದರೆ ನೀವು ಇಂದು ಫರ್ಮ್‌ವೇರ್ ಬರೆಯುತ್ತಿರುವ ಪ್ರೊಸೆಸರ್‌ನ ಹುಟ್ಟಿನಲ್ಲೇ ಮಿದುಳಿನ ಕಲ್ಪನೆಯ ಪಾಲಿದೆ. ಮಿದುಳಿನಂಥ ಕಂಪ್ಯೂಟರ್ ಎಂಬುದು ಈಚಿನ ಹೊಸ ಹುಚ್ಚಲ್ಲ, ಕಂಪ್ಯೂಟರ್‌ನಷ್ಟೇ ಹಳೆಯದು.

ಆದರೆ ಆ ಮೊದಲ ಕಲ್ಪನೆ ಅರ್ಧ ಸತ್ಯವಾಗಿತ್ತು. 1952ರಲ್ಲಿ ಅಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಸ್ಕ್ವಿಡ್‌ನ ದಪ್ಪ ನರತಂತುವಿನ ಮೇಲೆ ಪ್ರಯೋಗ ಮಾಡಿ, ಸ್ಪೈಕ್ ಎಂಬ ವಿದ್ಯುತ್ ಮಿಡಿತ ಹುಟ್ಟುವುದು ಸೋಡಿಯಮ್, ಪೊಟ್ಯಾಸಿಯಮ್ ಅಯಾನುಗಳ ಹರಿವಿನಿಂದ ಎಂದು ನಾಲ್ಕು ಸಮೀಕರಣಗಳಲ್ಲಿ ತೋರಿಸಿದರು. ಒಂದು ಮಿಲಿಸೆಕೆಂಡಿನಷ್ಟು ಅವಧಿ, ಸುಮಾರು 100 ಮಿಲಿವೋಲ್ಟ್ ಏರಿಳಿತ. ಸ್ಪೈಕ್ ಹೌದು-ಇಲ್ಲ ಎಂಬಂತೆ ಕಂಡರೂ ಅದಕ್ಕೆ ಮುಂಚೆ ಕೋಶದೊಳಗೆ ನಡೆಯುವುದೆಲ್ಲ ಮಟ್ಟಮಟ್ಟವಾಗಿ ಏರಿ ಇಳಿಯುವ ಅನಲಾಗ್ ವ್ಯವಹಾರ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ಕಾರ್ಟೆಕ್ಸ್‌ನ ಒಂದೇ ಒಂದು ಪಿರಮಿಡ್ ನರಕೋಶದ ವಿವರವಾದ ಮಾದರಿಯನ್ನು ಅನುಕರಿಸಲು ಐದರಿಂದ ಎಂಟು ಪದರಗಳ ಡೀಪ್ ನೆಟ್‌ವರ್ಕ್ ಬೇಕಾಗುತ್ತದೆ ಎಂದು ತೋರಿಸಿತು. ಇಂದಿನ ಎ.ಐ. ಮಾದರಿಗಳು 'ನ್ಯೂರಾನ್' ಎಂದು ಕರೆಯುವುದು ಒಂದು ಕೂಡುವ ಲೆಕ್ಕವನ್ನು. ಹೆಸರು ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಎಂದು ನಂಬಬೇಡಿ.

ನನ್ನ ಅಭಿಪ್ರಾಯ ಕೇಳಿದರೆ: ಮಿದುಳು ಲೆಕ್ಕ ಮಾಡುತ್ತದೆ, ಆ ಅರ್ಥದಲ್ಲಿ ಕಂಪ್ಯೂಟರ್ ಹೌದು. ಆದರೆ ಅದರಲ್ಲಿ ಪ್ರೋಗ್ರಾಂ ಬೇರೆ, ಮೆಮೊರಿ ಬೇರೆ, ಲೆಕ್ಕದ ಘಟಕ ಬೇರೆ ಎಂಬ ವಿಂಗಡಣೆಯಿಲ್ಲ. ಎಲ್ಲರನ್ನೂ ಒಂದೇ ತಾಳಕ್ಕೆ ಕುಣಿಸುವ ಕ್ಲಾಕ್ ಇಲ್ಲ. 'ಮಿದುಳು ಕಂಪ್ಯೂಟರೇ ಅಲ್ಲ' ಎಂದು ಗುಡುಗುವವರು ಸಾಮಾನ್ಯವಾಗಿ ಹೇಳಹೊರಟಿರುವುದು ಅದು ನಿಮ್ಮ ಮೇಜಿನ ಮೇಲಿರುವ ಯಂತ್ರದಂತಿಲ್ಲ ಎಂಬುದನ್ನು. ಅದು ನಿಜ. ಅದರಿಂದ ಈ ಕ್ಷೇತ್ರವೇ ವ್ಯರ್ಥ ಎಂಬ ತೀರ್ಮಾನ ಹೊರಡುವುದಿಲ್ಲ.

ಈಗ 20 ವ್ಯಾಟ್. ಈ ಸಂಖ್ಯೆ ಸುಳ್ಳಲ್ಲ, ಆದರೆ ಅದನ್ನು ಬಳಸುವ ರೀತಿಯಲ್ಲಿ ಚಮತ್ಕಾರವಿದೆ. ನಿಮ್ಮಂಥ ಎಂಜಿನಿಯರ್ ಕೇಳಬೇಕಾದ ಪ್ರಶ್ನೆ, ಈ ಶಕ್ತಿಯ ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದು. ಸ್ಟ್ಯಾನ್‌ಫೋರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ 45 ನ್ಯಾನೋಮೀಟರ್ ತಂತ್ರಜ್ಞಾನಕ್ಕೆ ಕೊಟ್ಟ ಅಂದಾಜುಗಳನ್ನು ನಮ್ಮ ಕ್ಷೇತ್ರದವರು ಇಂದಿಗೂ ಬಾಯಿಪಾಠ ಹೇಳುತ್ತಾರೆ. ಎರಡು 32 ಬಿಟ್ ಸಂಖ್ಯೆಗಳ ಗುಣಾಕಾರಕ್ಕೆ ಹೆಚ್ಚುಕಡಿಮೆ 4 ಪಿಕೋಜೂಲ್ (ಶಕ್ತಿಯ ಅತಿ ಚಿಕ್ಕ ಅಳತೆ) ಸಾಕು. ಆದರೆ ಅಷ್ಟೇ ಗಾತ್ರದ ಒಂದು ಸಂಖ್ಯೆಯನ್ನು ಚಿಪ್‌ನ ಹೊರಗಿನ ಡಿ-ರ್ಯಾಮ್ ಮೆಮೊರಿಯಿಂದ ತರಲು ಸುಮಾರು 640 ಪಿಕೋಜೂಲ್ ಬೇಕು. ಒಂದು ಹಿಡಿ ಕಾಳಿಗಾಗಿ ಪ್ರತಿ ಸಲವೂ ಪಕ್ಕದೂರಿನ ಕಣಜಕ್ಕೆ ಹೋಗಿ ಬಂದಂತೆ. ಲೆಕ್ಕ ಅಗ್ಗ, ಸಾಗಣೆ ದುಬಾರಿ. ಮಿದುಳಿನಲ್ಲಿ ನೆನಪು ಕುಳಿತಿರುವುದೇ ಲೆಕ್ಕ ನಡೆಯುವ ಜಾಗದಲ್ಲಿ, ಅಂದರೆ ನರಕೋಶಗಳನ್ನು ಸೇರಿಸುವ ಕೊಂಡಿಯಾದ ಸಿನಾಪ್ಸ್‌ನಲ್ಲಿ. ಸಾಗಣೆಯ ಖರ್ಚು ಅಷ್ಟರಮಟ್ಟಿಗೆ ಉಳಿಯಿತು.

ಎರಡನೆಯದು ಮೌನ. ಪೀಟರ್ ಲೆನ್ನಿ 2003ರಲ್ಲಿ ಕಾರ್ಟೆಕ್ಸ್‌ಗೆ ಸಿಗುವ ಶಕ್ತಿಯ ಲೆಕ್ಕ ಹಾಕಿ, ಅಲ್ಲಿನ ನರಕೋಶಗಳು ಸರಾಸರಿಯಾಗಿ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಸ್ಪೈಕ್‌ಗಳನ್ನಷ್ಟೇ ಹೊಮ್ಮಿಸಲು ಶಕ್ಯ ಎಂದರು. ಯಾವುದೇ ಗಳಿಗೆಯಲ್ಲಿ ಬಹುಪಾಲು ಕೋಶಗಳು ಸುಮ್ಮನಿರುತ್ತವೆ. ಹೇಳುವುದೇನಾದರೂ ಇದ್ದಾಗ ಮಾತ್ರ ಮಾತು. ಮೂರನೆಯದು ನಿಧಾನ: ಮಿಲಿಸೆಕೆಂಡುಗಳ ಗತಿಯಲ್ಲಿ ನಡೆಯುವ ಯಂತ್ರಕ್ಕೆ ಗಿಗಾಹರ್ಟ್ಜ್‌ನ ಖರ್ಚಿಲ್ಲ.

ಇದನ್ನೆಲ್ಲ ಮೊದಲು ಸರ್ಕ್ಯೂಟ್ ಭಾಷೆಯಲ್ಲಿ ಕಂಡವರು ಕ್ಯಾಲ್ಟೆಕ್‌ನ ಕಾರ್ವರ್ ಮೀಡ್. ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಳ್ಳುವ ಮಿತಿಗಿಂತ ಕೆಳಗಿನ ವೋಲ್ಟೇಜ್‌ನಲ್ಲಿ ಹರಿಯುವ ಸೋರಿಕೆಯಂಥ ಪ್ರವಾಹವನ್ನು ಉಳಿದ ವಿನ್ಯಾಸಕಾರರು ಪೀಡೆಯೆಂದು ಭಾವಿಸುತ್ತಿದ್ದರು. ಆ ಪ್ರವಾಹ ವೋಲ್ಟೇಜ್‌ನೊಂದಿಗೆ ಘಾತೀಯವಾಗಿ ಬೆಳೆಯುತ್ತದೆ. ನರಕೋಶದ ಪೊರೆಯ ಅಯಾನು ಕಿಂಡಿಗಳು ತೆರೆದುಕೊಳ್ಳುವುದೂ ಹೆಚ್ಚುಕಡಿಮೆ ಅದೇ ನಿಯಮದಂತೆ. ಹಾಗಾದರೆ ಲೆಕ್ಕವನ್ನು ಭೌತಶಾಸ್ತ್ರವೇ ಮಾಡಿಕೊಡಲಿ, ನಾವು ಬಿಟ್‌ಗಳನ್ನು ಏಕೆ ಎಣಿಸುತ್ತ ಕೂರಬೇಕು ಎಂಬುದು ಅವರ ವಾದ. ನ್ಯೂರೋಮಾರ್ಫಿಕ್ ಎಂಬ ಹೆಸರನ್ನು 1980ರ ದಶಕದ ಕೊನೆಯಲ್ಲಿ ಚಾಲ್ತಿಗೆ ತಂದವರು ಅವರೇ. ಅವರ ವಿದ್ಯಾರ್ಥಿನಿ ಮಿಶಾ ಮಹೊವಾಲ್ಡ್ ಕಣ್ಣಿನ ರೆಟಿನಾವನ್ನು ಸಿಲಿಕಾನ್‌ನಲ್ಲಿ ಕಟ್ಟಿದರು. ಸೊಗಸಾದ ಕೆಲಸ. ಇದೇ ಹುರುಪಿನಲ್ಲಿ ಮೀಡ್ ಮತ್ತು ಮೊದಲ ಮೈಕ್ರೊಪ್ರೊಸೆಸರ್ ವಿನ್ಯಾಸಕಾರರಲ್ಲಿ ಒಬ್ಬರಾದ ಫೆಡೆರಿಕೊ ಫಜಿನ್ 1986ರಲ್ಲಿ ನರಜಾಲಗಳ ಚಿಪ್ ಮಾಡಲೆಂದು ಸಿನಾಪ್ಟಿಕ್ಸ್ ಕಂಪನಿ ಕಟ್ಟಿದರು. ಕೊನೆಗೆ ಅದು ಹೆಸರುವಾಸಿಯಾದದ್ದು ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ಗಳಿಗೆ! ಈ ಕ್ಷೇತ್ರಕ್ಕೆ ಬರುವ ಯಾರಿಗಾದರೂ ನಾನು ಈ ಕಥೆಯನ್ನು ಹೇಳಿಯೇ ಹೇಳುತ್ತೇನೆ. ಇಲ್ಲಿ ಹೊರಟ ಊರು ಒಂದು, ತಲುಪುವ ಊರು ಇನ್ನೊಂದು.

ಜಿಪಿಯುಗಳ ಅಂತ್ಯ ಸಮೀಪಿಸಿದೆಯೇ ಎಂದರೆ, ಇಲ್ಲ. ಕಾರಣಗಳು ಇವು. ಐಬಿಎಂನ ಟ್ರೂನಾರ್ತ್ 2014ರಲ್ಲಿ ಬಂತು: 540 ಕೋಟಿ ಟ್ರಾನ್ಸಿಸ್ಟರ್, 10 ಲಕ್ಷ ನರಕೋಶ, ಖರ್ಚು ಸುಮಾರು 70 ಮಿಲಿವ್ಯಾಟ್. ಬೆರಗುಗೊಳಿಸುವ ಅಂಕಿಗಳೇ. ಆದರೆ ಅದು ಕಲಿಯುತ್ತಿರಲಿಲ್ಲ. ಬೇರೆ ಯಂತ್ರದಲ್ಲಿ ಕಲಿಸಿದ್ದನ್ನು ಅದಕ್ಕೆ ತುಂಬಬೇಕಿತ್ತು. 2017ರ ಇಂಟೆಲ್ ಲೊಯಿಹಿಯಲ್ಲಿ ಕಲಿಕೆಯ ವ್ಯವಸ್ಥೆಯೂ ಬಂತು. 2024ರಲ್ಲಿ ಇಂಟೆಲ್ 1,152 ಲೊಯಿಹಿ 2 ಚಿಪ್‌ಗಳನ್ನು ಜೋಡಿಸಿ 115 ಕೋಟಿ ನರಕೋಶಗಳ ಹಾಲಾ ಪಾಯಿಂಟ್ ಯಂತ್ರ ಕಟ್ಟಿತು. ಅದು ಗರಿಷ್ಠ 2,600 ವ್ಯಾಟ್ ಬಳಸುತ್ತದೆ. 115 ಕೋಟಿ ಎಂದಾಗ ಪತ್ರಿಕೆಗಳು ಯಾವುದೋ ಹಕ್ಕಿಯ ಮಿದುಳಿಗೆ ಹೋಲಿಸುತ್ತವೆ. ಆ ಚಿಪ್‌ನ ನರಕೋಶವೆಂದರೆ ಬಹುಮಟ್ಟಿಗೆ ಬಂದದ್ದನ್ನು ಕೂಡಿಡುತ್ತ, ಸ್ವಲ್ಪ ಸ್ವಲ್ಪ ಸೋರುವ ಒಂದು ಕೂಡುಯಂತ್ರ ಮತ್ತು ದಾಟಿದಾಗ ಮಿಡಿಯುವ ಒಂದು ಮಿತಿರೇಖೆ. ಹಕ್ಕಿಗೆ ಇದರಿಂದ ಅವಮಾನ.

ನಿಜವಾದ ಅಡ್ಡಿ ಚಿಪ್‌ನದಲ್ಲ, ಕಲಿಸುವ ವಿಧಾನದ್ದು. ಇಂದಿನ ಎ.ಐ. ನಿಂತಿರುವುದು ತಪ್ಪನ್ನು ಹಿಂದಕ್ಕೆ ಹರಿಸಿ ಪ್ರತಿ ಕೊಂಡಿಯನ್ನು ತಿದ್ದುವ ಬ್ಯಾಕ್‌ಪ್ರೊಪಗೇಶನ್ ಮೇಲೆ. ಅದಕ್ಕೆ ಇಳಿಜಾರು ಬೇಕು, ಅಂದರೆ ಅವಕಲನ ಸಾಧ್ಯವಾಗಬೇಕು. ಸ್ಪೈಕ್ ಎಂಬುದು ಕಡಿದಾದ ಮೆಟ್ಟಿಲು. ಅಲ್ಲಿ ಇಳಿಜಾರೇ ಇಲ್ಲ. ಸುಳ್ಳು ಇಳಿಜಾರೊಂದನ್ನು ಹಾಕಿಕೊಂಡು ಕಲಿಸುವ ಉಪಾಯ ಈಗ ಚೆನ್ನಾಗಿ ಬೆಳೆದಿದೆ, ಆದರೆ ಆ ಕಲಿಸುವ ಕೆಲಸ ನಡೆಯುವುದು ಎಲ್ಲಿ? ಜಿಪಿಯುಗಳ ಮೇಲೆ. ಇನ್ನೊಂದು ಕಡೆ, ಮೆಮೊರಿಯನ್ನು ಚಿಪ್‌ನೊಳಗೇ ಇಡುತ್ತೇವೆ ಎಂದಮೇಲೆ ಹಿಡಿಸುವಷ್ಟೇ ಹಿಡಿಸುತ್ತದೆ. ದೊಡ್ಡ ಭಾಷಾ ಮಾದರಿಯೊಂದನ್ನು ತುಂಬಬೇಕಾದರೆ ಚಿಪ್‌ಗಳ ಸಾಲನ್ನೇ ಇಡಬೇಕು, ಆಗ ಚಿಪ್‌ನಿಂದ ಚಿಪ್‌ಗೆ ಸಾಗಣೆ ಮತ್ತೆ ಶುರು. ಭಾಷಾ ಮಾದರಿಗಳ ಕೆಲಸ ಮೌನದ್ದೂ ಅಲ್ಲ. ಎಲ್ಲ ಕಡೆಯೂ ಏಕಕಾಲಕ್ಕೆ ದಟ್ಟವಾದ ಗುಣಾಕಾರ. ಸ್ಪೈಕ್‌ಗಳ ಜಾಣತನಕ್ಕೆ ಅಲ್ಲಿ ಅವಕಾಶ ಕಡಿಮೆ.

ಹಾಗಾದರೆ ಈ ಚಿಪ್‌ಗಳಿಗೆ ಜಾಗವೆಲ್ಲಿ? ಲೋಕ ಬಹುಹೊತ್ತು ಸುಮ್ಮನಿದ್ದು ಒಮ್ಮೆಲೇ ಬದಲಾಗುವ ಕಡೆ, ಉತ್ತರ ಮೈಕ್ರೊಸೆಕೆಂಡುಗಳಲ್ಲಿ ಬೇಕಾದ ಕಡೆ, ಬ್ಯಾಟರಿ ಚಿಕ್ಕದಿರುವ ಕಡೆ. ಇದಕ್ಕೆ ಒಳ್ಳೆಯ ಸಾಕ್ಷಿ ಈವೆಂಟ್ ಕ್ಯಾಮೆರಾ. ಮಹೊವಾಲ್ಡ್ ರೆಟಿನಾದ ವಂಶದ ಕುಡಿಯಿದು. ಜ್ಯೂರಿಕ್‌ನಲ್ಲಿ ಟೋಬಿ ಡೆಲ್‌ಬ್ರುಕ್ ಮತ್ತು ಸಂಗಡಿಗರು ಇದನ್ನು ಗಟ್ಟಿಮುಟ್ಟಾಗಿ ಮಾಡಿ 2008ರಲ್ಲಿ ಪ್ರಕಟಿಸಿದರು. ಇದು ಫ್ರೇಮ್‌ಗಳನ್ನು ತೆಗೆಯುವುದೇ ಇಲ್ಲ. ಪ್ರತಿ ಪಿಕ್ಸೆಲ್ ತನ್ನ ಮೇಲಿನ ಬೆಳಕು ಬದಲಾದಾಗ ಮಾತ್ರ ಒಂದು ಸುದ್ದಿ ಕಳಿಸುತ್ತದೆ. ಆ ಮೊದಲ ಕ್ಯಾಮೆರಾದಲ್ಲೇ ಸುದ್ದಿ ಹೊರಡಲು ಹಿಡಿಯುತ್ತಿದ್ದದ್ದು 15 ಮೈಕ್ರೊಸೆಕೆಂಡ್‌ನಷ್ಟು. ಇಂದು ಇವು ಕೊಳ್ಳಲು ಸಿಗುವ ಸರಕು. ಮಿದುಳಿನಿಂದ ಕಲಿತ ಪಾಠಗಳಲ್ಲಿ ಮಾರುಕಟ್ಟೆ ಮುಟ್ಟಿದವುಗಳನ್ನು ಬೆರಳಿನಲ್ಲಿ ಎಣಿಸಬಹುದು. ಅವುಗಳ ಪೈಕಿ ನನಗೆ ಹೆಚ್ಚು ಮೆಚ್ಚುಗೆ ಇದರ ಮೇಲೆ.

ಈಗ ನೊಣದ ನಕ್ಷೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

2024ರಲ್ಲಿ ಫ್ಲೈವೈರ್ ತಂಡ ವಯಸ್ಕ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆಯನ್ನು, ಅಂದರೆ ಯಾವ ನರಕೋಶ ಯಾವುದಕ್ಕೆ ಸೇರಿದೆ ಎಂಬ ಚಿತ್ರವನ್ನು, ಪ್ರಕಟಿಸಿತು: 1,39,255 ನರಕೋಶಗಳು, ಸುಮಾರು 5 ಕೋಟಿ ಸಿನಾಪ್ಸ್‌ಗಳು. ಅದೇ ವರ್ಷ ಒಂದು ಗುಂಪು ಆ ನಕ್ಷೆಯ ಮೇಲೆ ತೀರ ಸರಳವಾದ ಸ್ಪೈಕಿಂಗ್ ನರಕೋಶಗಳನ್ನು ಕೂರಿಸಿ, ಸಿಹಿಯ ರುಚಿ ಹಿಡಿಯುವ ಕೋಶಗಳನ್ನು ಕಂಪ್ಯೂಟರ್‌ನಲ್ಲಿ ಪ್ರಚೋದಿಸಿತು. ಸೊಂಡಿಲು ಚಾಚಿಸುವ ನರಕೋಶಗಳು ಎಚ್ಚರಗೊಂಡವು. ಮಾದರಿ ಹೇಳಿದ ಹಲವು ಭವಿಷ್ಯಗಳು ಜೀವಂತ ನೊಣಗಳ ಮೇಲಿನ ಪ್ರಯೋಗದಲ್ಲೂ ಸರಿಯಾದವು. ಆದ್ದರಿಂದ ನಿಮ್ಮ ಊಹೆ ಮೂರ್ಖತನದ್ದಲ್ಲ. ನಕ್ಷೆಯಿಂದ ನಡವಳಿಕೆಯ ತುಣುಕುಗಳು ನಿಜವಾಗಿಯೂ ಹೊರಬರುತ್ತವೆ.

ಆದರೆ ಇನ್ನೊಂದು ಹುಳವಿದೆ. ಸೀನೊರ್ಹ್ಯಾಬ್ಡೈಟಿಸ್ ಎಲಿಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ದುಂಡುಹುಳಕ್ಕೆ ಇರುವುದು 302 ನರಕೋಶಗಳು. ಅದರ ನಕ್ಷೆ ಪ್ರಕಟವಾದದ್ದು 1986ರಲ್ಲಿ. ಅಂದಿನಿಂದ ನಕ್ಷೆ ನಮ್ಮ ಕೈಯಲ್ಲಿದೆ, ಆ ಹುಳ ಮಾಡುವುದನ್ನೆಲ್ಲ ಮಾಡುವ ಕಂಪ್ಯೂಟರ್ ಹುಳ ಇಂದಿಗೂ ಇಲ್ಲ. ಏಕೆ ಎಂಬುದಕ್ಕೆ ಉತ್ತರ ಸಿಗುವುದು ಏಡಿಯ ಹೊಟ್ಟೆಯಲ್ಲಿ.

ಈವ್ ಮಾರ್ಡರ್ ತಮ್ಮ ವೃತ್ತಿಜೀವನವನ್ನೇ ಏಡಿ, ಲಾಬ್‌ಸ್ಟರ್‌ಗಳ ಜಠರದ ಸ್ನಾಯುಗಳನ್ನು ಆಡಿಸುವ ಒಂದು ಪುಟ್ಟ ನರಗಂಟಿಗೆ ಮುಡಿಪಿಟ್ಟವರು. ಅಲ್ಲಿರುವುದು ಸುಮಾರು 30 ನರಕೋಶ. ಯಾರು ಯಾರಿಗೆ ಸೇರಿದ್ದಾರೆ ಎಂಬುದು ಪೂರ್ತಿ ಗೊತ್ತು. ಆದರೂ ಆ ಗಂಟಿನ ಮೇಲೆ ನರಕೋಶಗಳ ವರ್ತನೆ ಬದಲಿಸುವ ಬೇರೆ ಬೇರೆ ನ್ಯೂರೋಮಾಡ್ಯುಲೇಟರ್ ರಾಸಾಯನಿಕಗಳನ್ನು ಸುರಿದರೆ ಅದೇ ಕೊಂಡಿಗಳು ಬೇರೆ ಬೇರೆ ಲಯ ನುಡಿಸುತ್ತವೆ. ತಂತಿ ಬದಲಾಗಿಲ್ಲ, ಕೆಲಸ ಬದಲಾಗಿದೆ. ಇದರ ಇನ್ನೊಂದು ಮುಖ 2004ರಲ್ಲಿ ಹೊರಬಂತು. ಅವರ ಗುಂಪು ಈ ಸರ್ಕ್ಯೂಟ್‌ನ ಎರಡು ಕೋಟಿಗೂ ಹೆಚ್ಚು ಬಗೆಯ ಮಾದರಿಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿತು. ಅವುಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಾದರಿಗಳು ಏಡಿಯ ಲಯವನ್ನೇ ಹೋಲುವ ಲಯ ಕೊಟ್ಟವು. ಅವುಗಳ ಒಳಗಿನ ಕೊಂಡಿಗಳ ಬಲ, ಅಯಾನು ಕಿಂಡಿಗಳ ಪ್ರಮಾಣ ಮಾತ್ರ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅಂದರೆ ಒಂದೇ ನಕ್ಷೆಗೆ ಹಲವು ನಡವಳಿಕೆ, ಒಂದೇ ನಡವಳಿಕೆಗೆ ಹಲವು ಒಳವ್ಯವಸ್ಥೆ. ನಕ್ಷೆಯನ್ನು ಚಿಪ್‌ಗೆ ಇಳಿಸುವುದೆಂದರೆ ಬೋರ್ಡಿನ ಸರ್ಕ್ಯೂಟ್ ಚಿತ್ರ ಸಿಕ್ಕಿದೆ, ಆದರೆ ರೆಸಿಸ್ಟರ್‌ಗಳ ಅಳತೆ ಬರೆದಿಲ್ಲ, ಮೇಲಾಗಿ ಅವು ಗಂಟೆಗೊಮ್ಮೆ ಬದಲಾಗುತ್ತವೆ ಎಂಬ ಸ್ಥಿತಿ. ನಿಮ್ಮ ವೃತ್ತಿಯವರಿಗೆ ಇಷ್ಟು ಹೇಳಿದರೆ ಸಾಕು.

ತಿರುಗಿಸಿ ಕೇಳಿದ ಒಂದು ಪ್ರಯೋಗವೂ ಇದೆ. 2017ರಲ್ಲಿ ಎರಿಕ್ ಜೋನಸ್ ಮತ್ತು ಕೊನ್ರಾಡ್ ಕೋರ್ಡಿಂಗ್ 6502 ಎಂಬ ಹಳೆಯ ಮೈಕ್ರೊಪ್ರೊಸೆಸರ್ ಅನ್ನು ಮಿದುಳೆಂದು ಭಾವಿಸಿ, ನರವಿಜ್ಞಾನಿಗಳು ಬಳಸುವ ವಿಧಾನಗಳಿಂದಲೇ ಅದನ್ನು ಪರೀಕ್ಷಿಸಿದರು. 3,510 ಟ್ರಾನ್ಸಿಸ್ಟರ್‌ಗಳು, ಪೂರ್ಣ ನಕ್ಷೆ ಕೈಯಲ್ಲಿದೆ, ಪ್ರತಿ ತಂತಿಯ ವೋಲ್ಟೇಜ್ ಓದಬಹುದು. ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ಯಾವ ವಿಡಿಯೋ ಗೇಮ್ ನಿಲ್ಲುತ್ತದೆ ಎಂದು ನೋಡಿದರು. ಒಂದು ಆಟವನ್ನು ಮಾತ್ರ ನಿಲ್ಲಿಸುವ ಟ್ರಾನ್ಸಿಸ್ಟರ್‌ಗಳು ಸಿಕ್ಕಿದವು! ಪ್ರೊಸೆಸರ್ ಕೆಲಸ ಮಾಡುವ ರೀತಿ ಮಾತ್ರ ಅದರಿಂದ ತಿಳಿಯಲಿಲ್ಲ. ಮಿದುಳಿನ ಯಾವುದೋ ಭಾಗ ಯಾವುದೋ ಭಾವನೆಯ ಕೇಂದ್ರ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಈ ಪ್ರಬಂಧ ನೆನಪಾಗುತ್ತದೆ.

ದೊಡ್ಡ ಯಂತ್ರದಲ್ಲಿ ಎಲ್ಲವನ್ನೂ ಒಮ್ಮೆಗೇ ಅನುಕರಿಸಿಬಿಡಬಹುದೆಂಬ ಭರವಸೆಯೂ ಪೆಟ್ಟು ತಿಂದಿದೆ. 2013ರಲ್ಲಿ ಜಪಾನಿನ ಕೆ ಸೂಪರ್ ಕಂಪ್ಯೂಟರ್‌ನ 82,944 ಪ್ರೊಸೆಸರ್‌ಗಳು 173 ಕೋಟಿ ನರಕೋಶಗಳ ಜಾಲದ ಒಂದು ಸೆಕೆಂಡಿನ ಚಟುವಟಿಕೆಯನ್ನು ಲೆಕ್ಕ ಹಾಕಲು 40 ನಿಮಿಷ ತೆಗೆದುಕೊಂಡವು. ಆ ಜಾಲ ಯಾರ ಮಿದುಳಿನದೂ ಆಗಿರಲಿಲ್ಲ, ಯಾದೃಚ್ಛಿಕವಾಗಿ ಜೋಡಿಸಿದ್ದು. ಅದೇ ವರ್ಷ ಶುರುವಾದ ಯುರೋಪಿನ ಹ್ಯೂಮನ್ ಬ್ರೈನ್ ಪ್ರಾಜೆಕ್ಟ್ ಮಾನವ ಮಿದುಳಿನ ಅನುಕರಣೆಯ ಕನಸಿನೊಂದಿಗೆ ಹೊರಟಿತು. ಮರುವರ್ಷವೇ ನೂರಾರು ನರವಿಜ್ಞಾನಿಗಳು ಅದರ ದಾರಿಯನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. 2023ರಲ್ಲಿ ಯೋಜನೆ ಮುಗಿದಾಗ ಉಳಿದದ್ದು ಅನುಕರಿಸಿದ ಮಿದುಳಲ್ಲ. ನಕಾಶೆಗಳು, ಸಾಧನಗಳು, ಮ್ಯಾಂಚೆಸ್ಟರ್ ಮತ್ತು ಹೈಡೆಲ್‌ಬರ್ಗ್‌ನ ಎರಡು ಒಳ್ಳೆಯ ನ್ಯೂರೋಮಾರ್ಫಿಕ್ ಯಂತ್ರಗಳು. ಅದೇನೂ ಕಡಿಮೆಯಲ್ಲ. ಆದರೆ ಮಾತು ಕೊಟ್ಟದ್ದು ಬೇರೆ.

ಇನ್ನು ನಿಮ್ಮ ವಿಷಯ. 46 ತಡವೇ? ಯಾವುದಕ್ಕೆ ಎಂಬುದರ ಮೇಲೆ ಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಬೇಕೆಂದಿದ್ದರೆ ಹೌದು, ಬಹುಮಟ್ಟಿಗೆ ತಡವಾಗಿದೆ. ಪಿಎಚ್‌ಡಿ, ಆಮೇಲೆ ಪೋಸ್ಟ್‌ಡಾಕ್ ಎಂದು ಸಾಲಾಗಿ ನಿಂತರೆ ಹತ್ತು ವರ್ಷ ಕಳೆದಿರುತ್ತದೆ. ಈ ಕ್ಷೇತ್ರದಲ್ಲಿ ಉಪಯುಕ್ತ ಕೆಲಸ ಮಾಡಬೇಕೆಂದಿದ್ದರೆ ಇಲ್ಲ. ಜೆಫ್ ಹಾಕಿನ್ಸ್ 1980ರ ದಶಕದಲ್ಲೇ ಮಿದುಳಿನ ಅಧ್ಯಯನಕ್ಕೆಂದು ಬರ್ಕ್ಲಿಗೆ ಹೋಗಿದ್ದವರು. ನಂತರ ಉದ್ಯಮಕ್ಕೆ ಮರಳಿ ಪಾಮ್ ಕೈಗಣಕಗಳನ್ನು ಕಟ್ಟಿ, ತಮ್ಮದೇ ನರವಿಜ್ಞಾನ ಸಂಸ್ಥೆ ತೆರೆದದ್ದು 2002ರಲ್ಲಿ. ಅವರ ಸಿದ್ಧಾಂತಗಳ ಬಗ್ಗೆ ನನಗೆ ತಕರಾರುಗಳಿವೆ, ಅವರಷ್ಟು ಹಣವೂ ನಮಗಿಲ್ಲ. ಆದರೆ ಆಸಕ್ತಿ ದಶಕಗಳ ಕಾಲ ಕಾಯಬಲ್ಲದು ಎಂಬುದಕ್ಕೆ ಉದಾಹರಣೆ ಸಾಕು.

ನಿಮಗೆ ತಿಳಿಯದ ಒಂದು ಅನುಕೂಲ ನಿಮ್ಮಲ್ಲಿದೆ. ನ್ಯೂರೋಮಾರ್ಫಿಕ್ ಚಿಪ್‌ಗಳ ನಡುವೆ ಸ್ಪೈಕ್‌ಗಳು ಸಾಗುವುದು ಕ್ಯಾಲ್ಟೆಕ್‌ನಲ್ಲೇ ಹುಟ್ಟಿದ ಅಡ್ರೆಸ್ ಈವೆಂಟ್ ಎಂಬ ಪದ್ಧತಿಯಲ್ಲಿ. ಯಾವ ನರಕೋಶ ಮಿಡಿಯಿತು ಎಂಬ ಗುರುತಿನ ಸಂಖ್ಯೆಯನ್ನಷ್ಟೇ ಬಸ್‌ಗೆ ಹಾಕುತ್ತಾರೆ, ಅದು ಬಂದ ಹೊತ್ತೇ ಉಳಿದ ಮಾಹಿತಿ. ವರ್ಷಗಟ್ಟಲೆ ವಾಹನದ ಘಟಕಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಸಂದೇಶಗಳ ಗುರುತು, ಆದ್ಯತೆ, ವಿಳಂಬಗಳೊಂದಿಗೆ ಗುದ್ದಾಡಿದವರಿಗೆ ಇದು ನೆಂಟರ ಮನೆಯಿದ್ದಂತೆ. ಇಂಟರಪ್ಟ್, ಫಿಕ್ಸ್ಡ್ ಪಾಯಿಂಟ್ ಗಣಿತ, ಮೈಕ್ರೊಸೆಕೆಂಡಿನ ಶಿಸ್ತು ಇವುಗಳನ್ನು ನಮ್ಮ ಹೊಸ ಪದವೀಧರರಿಗೆ ಕಲಿಸಲು ಬಹಳ ಕಾಲ ಬೇಕಾಗುತ್ತದೆ. ನೀವು ಅದನ್ನು ಹೊತ್ತು ತರುತ್ತೀರಿ.

ಗಣಿತದ ಬಗ್ಗೆ ಅಂಜಿಕೆ ಬೇಡ. ಬೇಕಾಗುವುದು ಅವಕಲ ಸಮೀಕರಣ, ಮ್ಯಾಟ್ರಿಕ್ಸ್‌ಗಳ ಬೀಜಗಣಿತ ಮತ್ತು ಸಂಭಾವ್ಯತೆ. ಮೂರನ್ನೂ ಕೆಲಸ ಮಾಡುತ್ತಲೇ ನೆನಪಿಸಿಕೊಳ್ಳಬಹುದು. ಮೊದಲು ಸೋರುವ ನರಕೋಶದ ಮಾದರಿಯನ್ನು ನೀವೇ ಬರೆಯಿರಿ: ವಿಶ್ರಾಂತಿ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್, ಮಿತಿ ಮೈನಸ್ 50, ಕಾಲಸ್ಥಿರಾಂಕ 20 ಮಿಲಿಸೆಕೆಂಡ್. ಇಪ್ಪತ್ತು ಸಾಲು ಕೋಡ್ ಮೀರುವುದಿಲ್ಲ. ನಂತರ ಹಾಜ್ಕಿನ್ ಹಕ್ಸ್ಲಿ ಸಮೀಕರಣಗಳು, ಆಮೇಲೆ ಯುಜೀನ್ ಇಜಿಕೆವಿಚ್ 2003ರಲ್ಲಿ ಕೊಟ್ಟ, ಎರಡೇ ಸಮೀಕರಣಗಳ ಚುರುಕು ಮಾದರಿ. ಆಗ ಬ್ರಯನ್ ಅಥವಾ ನೆಸ್ಟ್‌ನಂಥ ಉಚಿತ ಸಿಮ್ಯುಲೇಟರ್‌ಗೆ ಹೋಗಿ. ಎರಡು ನರಕೋಶಗಳು ಒಂದನ್ನೊಂದು ತಡೆಯುತ್ತ ಸರದಿಯಂತೆ ಮಿಡಿಯುವ ಜೋಡಿಯನ್ನು ಕಟ್ಟಿ. ಅದು ಓಡತೊಡಗಿದಾಗ ನಿಮ್ಮ ಮನಸ್ಸು ಎತ್ತ ಎಳೆಯುತ್ತದೆ ಎಂದು ಗಮನಿಸಿ. 'ನಿಜವಾದ ಪ್ರಾಣಿಯಲ್ಲಿ ಹೀಗೇ ಇದೆಯೇ' ಎಂದು ಪ್ರಬಂಧ ಹುಡುಕಲು ಹೋದರೆ ನಿಮ್ಮದು ಜೀವಶಾಸ್ತ್ರದ ಆಸಕ್ತಿ. 'ಇದನ್ನು ಎಂಟು ಬಿಟ್‌ಗೆ ಇಳಿಸಿ ಪುಟ್ಟ ಕಂಟ್ರೋಲರ್‌ನಲ್ಲಿ ಓಡಿಸಬಹುದೇ' ಎಂದು ಕೈ ತುರಿಸಿದರೆ ನಿಮ್ಮದು ಯಂತ್ರದ ಆಸಕ್ತಿ. ಇದನ್ನು ನಾನು ಹೇಳಲಾಗದು, ಯಾವ ಸಲಹೆಗಾರರೂ ಹೇಳಲಾರರು.

ದಾರಿಗಳ ಬಗ್ಗೆ ನೇರವಾಗಿ ಹೇಳುವುದಾದರೆ, ಈಗಲೇ ಕೆಲಸ ಬಿಡಬೇಡಿ. ಎರಡು ವರ್ಷ ಎಂಬುದು ಕಲಿಯಲು ಬೇಕಾದ್ದಕ್ಕಿಂತ ಹೆಚ್ಚು, ಪಿಎಚ್‌ಡಿಗೆ ಬೇಕಾದ್ದಕ್ಕಿಂತ ಕಡಿಮೆ. ಮನೆಯವರ 'ಹವ್ಯಾಸವಾಗಿಯೇ ಇರಲಿ' ಎಂಬ ಮಾತು ಸೋಲಿನ ಮಾತಲ್ಲ. ಅಂತರ್ಜಾಲದಲ್ಲಿ ನರವಿಜ್ಞಾನ ಕಲಿಸುವ ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳು, ಅಲೆನ್ ಇನ್‌ಸ್ಟಿಟ್ಯೂಟ್‌ನ ಇಲಿ ಮಿದುಳಿನ ದತ್ತಾಂಶ, ಫ್ಲೈವೈರ್ ನಕ್ಷೆ, ಎಲ್ಲವೂ ಉಚಿತವಾಗಿ ತೆರೆದಿವೆ. ಇಂಥ ಅನುಕೂಲ ಹಿಂದಿನ ಹವ್ಯಾಸಿಗಳಿಗೆ ಇರಲಿಲ್ಲ. ಇದರ ಅಪಾಯವೆಂದರೆ ಓದು ಓದಾಗಿಯೇ ಉಳಿದು ಏನೂ ಕಟ್ಟದೆ ಹೋಗುವುದು.

ನನಗೆ ಹೆಚ್ಚು ಸರಿ ಎನಿಸುವುದು ಪಕ್ಕಕ್ಕೆ ಸರಿಯುವ ದಾರಿ. ಈವೆಂಟ್ ಕ್ಯಾಮೆರಾ, ಸದಾ ಎಚ್ಚರವಿರುವ ಸಂವೇದಕ, ಅತಿ ಕಡಿಮೆ ವಿದ್ಯುತ್ತಿನ ಎ.ಐ. ಕೆಲಸಗಳಲ್ಲಿ ನಿಮ್ಮ ಈಗಿನ ಅನುಭವಕ್ಕೇ ಬೆಲೆಯಿದೆ, ಸಂಬಳವೂ ನಿಲ್ಲುವುದಿಲ್ಲ. ಅಪಾಯ ಇಲ್ಲೂ ಇದೆ: ಈ ಕಂಪನಿಗಳು ಚಿಕ್ಕವು, ಚಿಪ್‌ಗಳ ಆಯುಸ್ಸು ಅನಿಶ್ಚಿತ. ಟ್ರೂನಾರ್ತ್‌ನಂಥ ಹೆಸರುವಾಸಿ ಚಿಪ್ ಕೂಡ ಮಾರುಕಟ್ಟೆಯ ಸರಕಾಗಲಿಲ್ಲ. ಆದ್ದರಿಂದ ಒಂದೇ ಚಿಪ್‌ನ ಉಪಕರಣಗಳಿಗೆ ನಿಮ್ಮ ಕಲಿಕೆಯನ್ನು ಕಟ್ಟಿಹಾಕಬೇಡಿ. ಸ್ವಂತ ನವೋದ್ಯಮದ ಯೋಚನೆಯಿದ್ದರೆ ನನ್ನ ಸಲಹೆ ಬೇಡ ಎಂಬುದೇ. ಹೊಸ ಚಿಪ್ ತಯಾರಿಸುವ ಖರ್ಚು ಒಬ್ಬರ ಉಳಿತಾಯದ ವ್ಯವಹಾರವಲ್ಲ.

ಇಷ್ಟೆಲ್ಲ ಮಾಡಿಯೂ ಪ್ರಯೋಗಾಲಯವೇ ಬೇಕು ಎನಿಸಿದರೆ, ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲು ಅಮೆರಿಕದ ಟೆಲ್ಲುರೈಡ್ ಅಥವಾ ಇಟಲಿಯ ಸಾರ್ಡಿನಿಯಾದ ಕಾಪೊ ಕಾಚಾದಲ್ಲಿ ನಡೆಯುವ ನ್ಯೂರೋಮಾರ್ಫಿಕ್ ಕಾರ್ಯಾಗಾರಗಳಲ್ಲಿ ಒಂದಕ್ಕೆ ಸೇರಲು ಪ್ರಯತ್ನಿಸಿ. ಅಲ್ಲಿ ಉಪನ್ಯಾಸಕ್ಕಿಂತ ಬೆಸುಗೆ ಕಡ್ಡಿಗೆ ಹೆಚ್ಚು ಕೆಲಸ, ಕ್ಷೇತ್ರದ ಹಿರಿಯರು ಪಕ್ಕದ ಕುರ್ಚಿಯಲ್ಲೇ ಸಿಗುತ್ತಾರೆ. ನಂತರ ಮಾರ್ಗದರ್ಶಕರಾಗುವವರನ್ನು ಸಂಕೋಚವಿಲ್ಲದೆ ಕೇಳಿ: ಕೊನೆಯ ವರ್ಷದ ವೇತನ ಯಾವ ಅನುದಾನದಿಂದ ಬರುತ್ತದೆ, ಚಿಪ್ ನಮ್ಮ ಕೈಗೆ ಸಿಗುತ್ತದೆಯೇ ಅಥವಾ ದೂರದಿಂದ ಬಳಸಬೇಕೇ, ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ. ಆ ಹಿಂದಿನ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ನೀವೇ ಬರೆದು ಮಾತಾಡಿ, ಮಾರ್ಗದರ್ಶಕರು ಹೇಳಿದ ಹೆಸರುಗಳಷ್ಟನ್ನೇ ಹಿಡಿಯಬೇಡಿ.